ಭೇಟಿಗೆ ಹೋಗಿದ್ದು ಅವಳು, ವರದಿ ಬರೆದಿದ್ದು ಎಐ

ಹುಡುಗಿಯ ಒಪ್ಪಿಗೆ ಪಡೆದೇ ಈ ಪ್ರಕರಣ ಬರೆಯುತ್ತಿದ್ದೇನೆ. ಹೆಸರು, ಊರು, ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ರೇಣುಕಾ ಅಂತ ಕರೆಯೋಣ. ವಯಸ್ಸು 22. ಉತ್ತರ ಕರ್ನಾಟಕದ ಹಳ್ಳಿಯವಳು, ಡಿಗ್ರಿವರೆಗೂ ಕನ್ನಡದಲ್ಲೇ ಬರೆದು ಒಳ್ಳೆಯ ಅಂಕ ತೆಗೆದವಳು. ಎಂಎಸ್‌ಡಬ್ಲ್ಯು, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಓದಲು ಬೆಂಗಳೂರಿಗೆ ಬಂದು ಬಿಸಿಎಂ ಹಾಸ್ಟೆಲ್‌ನಲ್ಲಿದ್ದಳು. ಇಲ್ಲಿ ಪಾಠ, ಅಸೈನ್‌ಮೆಂಟು, ವರದಿ ಎಲ್ಲ ಇಂಗ್ಲಿಷಿನಲ್ಲಿ.

ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬಂದ ದಿನ ಅವಳು ಎಐ ಬಗ್ಗೆ ಮಾತೇ ಎತ್ತಲಿಲ್ಲ. ನಿದ್ದೆ ಬರಲ್ಲ, ಊಟ ಸೇರಲ್ಲ, ಕೋರ್ಸ್ ಬಿಟ್ಟು ಊರಿಗೆ ಹೋಗ್ಬೇಕು ಅಂದಳು. ಮಾತಾಡುವಷ್ಟು ಹೊತ್ತೂ ವೇಲಿನ ಅಂಚನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದಳು. ಇಂಥ ಹೊತ್ತಲ್ಲಿ ನಾನು ಒಂದು ಪ್ರಶ್ನೆಯನ್ನು ಸುತ್ತಿ ಬಳಸದೆ ಕೇಳಿಬಿಡುತ್ತೇನೆ. ಸಾಯಬೇಕು ಅಂತ ಅನ್ನಿಸಿದೆಯಾ? ಅವಳು ತಲೆ ಎತ್ತಿ ನೋಡಿದಳು. "ಹಂಗೇನಿಲ್ರಿ ಮೇಡಮ್. ಆದ್ರ ಎಲ್ಲ್ಯಾರ ಓಡಿ ಹೋಗಬೇಕು ಅನಸ್ತೈತ್ರಿ." ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಚೀಟಿಯಲ್ಲಿ ಬರೆದು ಕೊಟ್ಟೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಈ ನಂಬರ್ ಎಲ್ಲ ಹಾಸ್ಟೆಲ್ ಮಕ್ಕಳ ಫೋನಿನಲ್ಲೂ ಇರಲಿ ಅಂತ ನನ್ನ ಆಸೆ.

ಸಮಯ ಮುಗಿಯುತ್ತಾ ಬಂದಾಗ ಬ್ಯಾಗಿನಿಂದ ಮಡಚಿದ ಒಂದು ಕಾಗದ ತೆಗೆದಳು. ಕ್ಷೇತ್ರಕಾರ್ಯದ ವರದಿಗೆ ಸೊನ್ನೆ. ವರದಿ ಅವಳು ಬರೆದದ್ದಲ್ಲ, ಪೋಷಕರನ್ನು ಕರೆದುಕೊಂಡು ಬರಬೇಕು ಅಂತ ಅದರಲ್ಲಿತ್ತು. ಅವಳಪ್ಪ ಎಪಿಎಂಸಿಯಲ್ಲಿ ಹಮಾಲಿ. ಬೆಂಗಳೂರಿಗೆ ಬಂದು ಹೋಗಬೇಕು ಅಂದರೆ ಎರಡು ದಿನದ ಕೂಲಿ ಹೋಗುತ್ತದೆ. ಅದಕ್ಕಿಂತ ಜಾಸ್ತಿ, ಅಪ್ಪನ ಮುಂದೆ ಇದನ್ನು ಏನಂತ ಹೇಳೋದು ಅನ್ನೋದೇ ಅವಳ ನಿದ್ದೆ ಕೆಡಿಸಿತ್ತು.

ಎಂಎಸ್‌ಡಬ್ಲ್ಯು ಓದದವರಿಗೆ ಇಲ್ಲೊಂದು ಮಾತು ಹೇಳಬೇಕು. ಈ ಕೋರ್ಸಿನಲ್ಲಿ ಸಾಮಾನ್ಯವಾಗಿ ವಾರಕ್ಕೆ ಎರಡು ದಿನ ಫೀಲ್ಡ್‌ವರ್ಕ್, ಅಂದರೆ ಕ್ಷೇತ್ರಕಾರ್ಯ ಇರುತ್ತದೆ. ಕೊಳೆಗೇರಿ, ಆಸ್ಪತ್ರೆ, ಶಾಲೆ, ಯಾವುದೋ ಸಂಸ್ಥೆ, ಹೀಗೆ ಎಲ್ಲಾದರೂ ಹಾಕುತ್ತಾರೆ. ಹೋಗಿ ಬಂದ ಮೇಲೆ ನೋಡಿದ್ದು, ಕೇಳಿದ್ದು, ತಾನು ಮಾಡಿದ್ದು ಎಲ್ಲವನ್ನೂ ವರದಿ ಬರೆಯಬೇಕು. ರೇಣುಕಾಳನ್ನು ಒಂದು ಕೊಳೆಗೇರಿಗೆ ಹಾಕಿದ್ದರು. ಮೊದಲ ಮೂರು ವರದಿ ತಾನೇ ಬರೆದಳು. ಮೂರೂ ಕೆಂಪು ಇಂಕಿನಿಂದ ತುಂಬಿ ವಾಪಸ್ ಬಂದವು. ಗ್ರೂಪ್ ಕಾನ್ಫರೆನ್ಸ್‌ನಲ್ಲಿ ಅವಳ ಒಂದು ವಾಕ್ಯವನ್ನು ಗಟ್ಟಿಯಾಗಿ ಓದಿದಾಗ ನಾಲ್ಕೈದು ಮಂದಿ ನಕ್ಕರಂತೆ. ಓದಿದವರಿಗೆ ನೋಯಿಸುವ ಉದ್ದೇಶ ಇರಲಿಲ್ಲ ಅಂತ ನನಗೆ ಆಮೇಲೆ ಗೊತ್ತಾಯಿತು, ಆದರೆ ಇವಳಿಗೆ ಆ ನಗು ಇನ್ನೂ ಕಿವಿಯಲ್ಲೇ ಇತ್ತು. ಅಂದು ರಾತ್ರಿ ರೂಮ್‌ಮೇಟ್ ಚಾಟ್‌ಜಿಪಿಟಿ ತೋರಿಸಿಕೊಟ್ಟಳು. ಕೊಳೆಗೇರಿ ಭೇಟಿ, ವರದಿ, ಸಾವಿರ ಪದ. ಇಷ್ಟೇ ಟೈಪ್ ಮಾಡಿದ್ದು. ಒಂದು ನಿಮಿಷದೊಳಗೆ ಒಂದೂ ತಪ್ಪಿಲ್ಲದ ಇಂಗ್ಲಿಷಿನಲ್ಲಿ ವರದಿ ಬಂತು. ಆ ವಾರ ಮೊದಲ ಸಲ ಅವಳ ವರದಿಯ ಕೆಳಗೆ "ಗುಡ್" ಅಂತ ಬಿತ್ತು. ಅದೂ ಸೇರಿ ಐದು ವರದಿ ಹಾಗೇ ಹೋದವು.

ಸಿಕ್ಕಿಬಿದ್ದಿದ್ದು ಹೇಗೆ ಅಂದರೆ, ಎಐ ಬರೆದ ಆರನೆಯದರಲ್ಲಿ ಆಶಾ ಕಾರ್ಯಕರ್ತೆಯ ಜೊತೆ ಸಂದರ್ಶನ ಮಾಡಿದ್ದಾಗಿ ಬರೆದಿತ್ತು. ಆ ದಿನ ಮೇಷ್ಟ್ರೇ ಜೊತೆಗಿದ್ದರು. ಆಶಾ ಕಾರ್ಯಕರ್ತೆ ಯಾರೂ ಸಿಕ್ಕೇ ಇರಲಿಲ್ಲ. ಕೊನೆಯಲ್ಲಿ ಒಂದು ಪುಸ್ತಕದ ಹೆಸರೂ ಇತ್ತು. ಮೇಷ್ಟ್ರು ಹುಡುಕಿದರು. ಅಂಥ ಪುಸ್ತಕವೇ ಇಲ್ಲ.

"ಪುಸ್ತಕದ ಹೆಸರು, ಬರದೋರ ಹೆಸರು, ಇಸವಿ, ಪುಟ ಎಲ್ಲಾ ಕೊಟ್ಟಿತ್ರಿ. ಸುಳ್ಳ ಹೇಳ್ತೈತಿ ಅಂತ ನಂಗೇನ್ ಗೊತ್ರಿ?" ಅಂದಳು. ನಿಜ, ಅವಳಿಗೆ ಯಾರೂ ಹೇಳಿರಲಿಲ್ಲ. ಈ ಯಂತ್ರ ಒಂದು ಪದದ ಪಕ್ಕ ಯಾವ ಪದ ಬರಬಹುದು ಅಂತ ಲೆಕ್ಕ ಹಾಕಿ ವಾಕ್ಯ ಕಟ್ಟುತ್ತದೆ, ಅದು ನಿಜವೋ ಸುಳ್ಳೋ ಅನ್ನೋದು ಆ ಲೆಕ್ಕದಲ್ಲಿ ಬರಲ್ಲ, ಅದಕ್ಕೇ ಇಲ್ಲದ ಪುಸ್ತಕವನ್ನೂ ಇರೋ ಪುಸ್ತಕದಷ್ಟೇ ಧೈರ್ಯವಾಗಿ ಹೇಳುತ್ತದೆ ಅಂತ ವಿವರಿಸಿದೆ. 2023ರಲ್ಲಿ ನ್ಯೂಯಾರ್ಕ್‌ನ ವಕೀಲರೇ ಚಾಟ್‌ಜಿಪಿಟಿ ಕೊಟ್ಟ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿ 5,000 ಡಾಲರ್ ದಂಡ ಕಟ್ಟಬೇಕಾಯಿತು ಅಂತ ಹೇಳಿದಾಗ ಅವಳ ಭುಜ ಸ್ವಲ್ಪ ಸಡಿಲವಾಯಿತು. ತಪ್ಪು ತಪ್ಪೇ. ಆದರೆ ಮೋಸ ಹೋದವಳು ತಾನೊಬ್ಬಳೇ ಅಲ್ಲ ಅಂತ ಗೊತ್ತಾಗುವುದೂ ಆಗ ಬೇಕಿತ್ತು.

ಎರಡನೇ ಸಲ ಬಂದಾಗ ಒಂದೇ ಒಂದು ಕೇಳಿದೆ. "ವರದಿ ಬಿಡು. ಅವತ್ತು ನೀನು ನಿಜವಾಗಿ ನೋಡಿದ್ದೇನು?"

ಇಪ್ಪತ್ತು ನಿಮಿಷ ಮಾತಾಡಿದಳು. ನಾನು ಒಂದು ಸಲವೂ ನಡುವೆ ಬಾಯಿ ಹಾಕಲಿಲ್ಲ. ಅವಳು ಹೋದ ಹೊತ್ತಿಗೆ ನ್ಯಾಯಬೆಲೆ ಅಂಗಡಿ ಮುಂದೆ ಸಾಲು. ಅದರಲ್ಲೊಬ್ಬ ಅಜ್ಜಿ, ಗಾರೆ ಕೆಲಸ ಮಾಡಿದವಳು. ಸಿಮೆಂಟು ತಿಂದು ತಿಂದು ಬೆರಳಿನ ಗೆರೆಗಳೆಲ್ಲ ಸವೆದುಹೋಗಿವೆ. ಯಂತ್ರದ ಮೇಲೆ ಹೆಬ್ಬೆಟ್ಟು ಇಟ್ಟರೆ ಕೂಡುತ್ತಿಲ್ಲ. ಸೆರಗಿನಿಂದ ಒರೆಸಿ ಇಟ್ಟಳು. ಎಂಜಲು ಹಚ್ಚಿ ಇಟ್ಟಳು. ಎಡಗೈ ಇಟ್ಟಳು. ಪ್ರತಿ ಸಲ ಯಂತ್ರ ಕುಂಯ್ ಅನ್ನುತ್ತಿತ್ತು. ಹಿಂದಿದ್ದವರು "ಅಜ್ಜಿ, ಬದಿಗೆ ನಿಲ್ಲು" ಅಂದರು. ಆ ತಿಂಗಳಲ್ಲಿ ಅದು ಅವಳ ಮೂರನೇ ಸಲ. ಖಾಲಿ ಚೀಲವನ್ನು ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡು ಹೋದಳು. ರೇಣುಕಾ ಅವಳ ಹಿಂದೆಯೇ ಮನೆತನಕ ಹೋಗಿ ಕೂತು ಮಾತಾಡಿಸಿ ಬಂದಿದ್ದಾಳೆ.

ಅದೇ ದಿನದ ಬಗ್ಗೆ ಎಐ ಬರೆದ ವರದಿ ನನ್ನ ಮೇಜಿನ ಮೇಲೇ ಇತ್ತು. ನಿವಾಸಿಗಳು ಹಲವು ಬಗೆಯ ಸವಾಲು ಎದುರಿಸುತ್ತಿದ್ದಾರೆ, ಎಲ್ಲ ಪಾಲುದಾರರೂ ಕೈಜೋಡಿಸಿ ಕೆಲಸ ಮಾಡಬೇಕಾಗಿದೆ ಅನ್ನುವಂಥ ಮಾತುಗಳು. ಅಜ್ಜಿ ಇಲ್ಲ. ಚೀಲ ಇಲ್ಲ. ಎರಡನ್ನೂ ಪಕ್ಕದಲ್ಲಿಟ್ಟು ಅವಳಿಗೆ ಹೇಳಿದೆ. "ನೋಡು, ಇಂಗ್ಲಿಷ್ ಚೆನ್ನಾಗಿದೆ. ಆದರೆ ಇದನ್ನು ಓದಿ ಯಾರಾದರೂ ಆ ಅಜ್ಜಿಗೆ ಅಕ್ಕಿ ಕೊಡಿಸೋಕೆ ಆಗುತ್ತಾ?" ಅವಳು ಅತ್ತಳು. ಮೊದಲ ದಿನದಿಂದ ತಡೆದಿಟ್ಟುಕೊಂಡಿದ್ದ ಅಳು ಅದು.

ಇಷ್ಟಾದ ಮೇಲೆ ನಾನು ಕೊಟ್ಟ ಸಲಹೆ.

ಮೊದಲನೆಯದು, ಕಾಲೇಜಿನವರು ಅಪ್ಪನಿಗೆ ಫೋನ್ ಮಾಡುವ ಮುಂಚೆ ನೀನೇ ಹೇಳು ಅಂದೆ. ಏನು ಹೇಳಬೇಕು ಅಂತ ಇಬ್ಬರೂ ಕೂತು ಮಾತು ಜೋಡಿಸಿದೆವು, ನಾನು ಅಪ್ಪನ ಜಾಗದಲ್ಲಿ ಕೂತೆ, ಅವಳು ಮೂರು ಸಲ ಹೇಳಿ ನೋಡಿದಳು. ಆಮೇಲೆ ಹೊರಗೆ ಹೋಗಿ ಫೋನ್ ಮಾಡಿ ಬಂದಳು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ತುಡುಗ ಮಾಡೀಯೇನವ್ವಾ?" ಅಂದರಂತೆ. ಇವಳು "ಒಂಥರಾ ಹಂಗ ಅಪ್ಪಾ" ಅಂದಳಂತೆ. "ಹಂಗಾರ ತಪ್ಪಾತು ಅಂತ ಹೇಳು. ನಾನೂ ಬರ್ತೀನಿ." ಇಷ್ಟೇ ಮಾತು. ವಾರಗಟ್ಟಲೆ ಅವಳನ್ನು ತಿಂದ ಭಯ ಎರಡು ನಿಮಿಷದ ಫೋನಿನಲ್ಲಿ ಮುಗಿದಿತ್ತು.

ಮೇಷ್ಟ್ರ ಹತ್ತಿರ ಹೋಗುವಾಗ ನೆಪ ಹೇಳಬೇಡ ಅಂದೆ. ಇಂಗ್ಲಿಷ್ ಬರಲ್ಲ, ಎಲ್ಲರೂ ಮಾಡ್ತಾರೆ, ಈ ಎರಡು ಮಾತು ಬೇಡ. ವರದಿ ನಾನು ಬರೆದದ್ದಲ್ಲ, ಭೇಟಿಗೆ ಹೋಗಿದ್ದು ಮಾತ್ರ ನಿಜ, ನನ್ನ ಕನ್ನಡದ ನೋಟ್ಸ್ ಇಲ್ಲಿದೆ, ಮತ್ತೆ ಬರೆಯಲು ಅವಕಾಶ ಕೊಡಿ. ಇಷ್ಟು ಸಾಕು. ಹಾಗೇ ಮಾಡಿದಳು. ಹಳೆಯ ಐದರ ಬಗ್ಗೆಯೂ ತಾನಾಗಿಯೇ ಹೇಳಿಬಿಟ್ಟಳು, ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಆರು ವರದಿಯನ್ನೂ ಮತ್ತೆ ಬರೆಯಬೇಕು, ಅಂಕ ಅರ್ಧಕ್ಕೆ ಮೀರಿ ಕೊಡುವುದಿಲ್ಲ ಅಂತ ತೀರ್ಮಾನವಾಯಿತು. ನನಗೆ ಅದು ನ್ಯಾಯವೇ ಅನ್ನಿಸಿತು. ಇರದ ಸಂದರ್ಶನವನ್ನು ಇದ್ದಂತೆ ಬರೆಯುವುದು ಸಮಾಜಕಾರ್ಯದಲ್ಲಿ ಸಣ್ಣ ವಿಷಯ ಅಲ್ಲ.

ಎಐ ಮುಟ್ಟಲೇಬೇಡ ಅಂತ ಮಾತ್ರ ನಾನು ಹೇಳಲಿಲ್ಲ. ಕೆಲವರಿಗೆ ಇದು ಇಷ್ಟವಾಗಲಿಕ್ಕಿಲ್ಲ. ಇಂಗ್ಲಿಷ್ ಮನೆಯಲ್ಲೇ ಇರುವ ಮಕ್ಕಳಿಗೆ ಅಪ್ಪನೋ ಅಕ್ಕನೋ ಕೂತು ತಿದ್ದಿ ಕೊಡುತ್ತಾರೆ, ಅದನ್ನು ಯಾರೂ ಮೋಸ ಅನ್ನಲ್ಲ ಅಲ್ವಾ? ರೇಣುಕಾಗೆ ಅಂಥವರು ಯಾರೂ ಇಲ್ಲ. ಇರೋದು ಆ ಫೋನ್ ಒಂದೇ. ಹಾಗಾಗಿ ಕೆಲಸದ ಕ್ರಮ ಬದಲಿಸಿದೆವು. ಭೇಟಿ ಮುಗಿಸಿ ಬಸ್ ಹತ್ತುವ ಮುಂಚೆ ಫೋನಿನ ರೆಕಾರ್ಡರ್‌ಗೆ ತನ್ನ ಮಾತಿನಲ್ಲೇ ಐದು ನಿಮಿಷ ಹೇಳಿಕೊಳ್ಳುವುದು. ಆ ಜನರ ಹೆಸರು ಹೇಳಬಾರದು, ಅವರ ಗುಟ್ಟು ಎಐಗೂ ಹೋಗಬಾರದು. ರಾತ್ರಿ ಅದನ್ನು ಕೇಳಿ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆಯುವುದು. ಆಮೇಲೆ ತನಗೆ ಬಂದಷ್ಟು ಇಂಗ್ಲಿಷಿನಲ್ಲಿ, ತಪ್ಪಾದರೂ ಪರವಾಗಿಲ್ಲ, ತಾನೇ ಬರೆಯುವುದು. ಇಷ್ಟಾದ ಮೇಲೆ ಮಾತ್ರ ಎಐ. ಅದೂ ಒಂದೊಂದೇ ವಾಕ್ಯ ಹಾಕಿ, ಇಲ್ಲಿ ಏನು ತಪ್ಪಿದೆ, ಯಾಕೆ ತಪ್ಪು ಅಂತ ಕೇಳುವುದು, ತಿದ್ದುವ ಕೈ ಮಾತ್ರ ತನ್ನದೇ ಇರಬೇಕು. ವರದಿಯ ಕೊನೆಗೆ ಯಾವುದಕ್ಕೆ ಎಐ ಸಹಾಯ ಪಡೆದೆ ಅಂತ ಎರಡು ಸಾಲು. ಬರೆಯುವುದು ಗೂಗಲ್ ಡಾಕ್ಸ್‌ನಲ್ಲಿ, ಯಾಕೆಂದರೆ ಯಾವಾಗ ಏನು ಬರೆದೆ, ಏನು ಅಳಿಸಿದೆ ಅನ್ನೋದು ಅಲ್ಲಿ ಉಳಿಯುತ್ತದೆ.

ಆ ಕೊನೆಯ ಮಾತು ಇಷ್ಟು ಬೇಗ ಬೇಕಾಗುತ್ತದೆ ಅಂದುಕೊಂಡಿರಲಿಲ್ಲ.

ಹೊಸದಾಗಿ ಬರೆದ ಮೊದಲ ವರದಿಯನ್ನು ಎಐ ಪತ್ತೆ ಮಾಡುವ ಸಾಫ್ಟ್‌ವೇರ್‌ಗೆ ಹಾಕಿದರು. ಮುಕ್ಕಾಲು ಭಾಗ ಎಐ ಬರೆದದ್ದು ಅಂತ ಬಂತು. ಅವಳು ನನ್ನ ಕೋಣೆಗೆ ಬಂದಾಗ ಕೈ ನಡುಗುತ್ತಿತ್ತು. "ಈ ಸಲ ನಾನ ಬರದೀನ್ರಿ ಮೇಡಮ್. ದೇವರಾಣಿ." ನಾನು ನಂಬಿದೆ. ಆದರೆ ನಾನು ನಂಬಿದರೆ ಸಾಲದಲ್ಲ, ಅವಳ ಒಪ್ಪಿಗೆ ಕೇಳಿ ಮೇಷ್ಟ್ರ ಹತ್ತಿರ ಜೊತೆಗೇ ಹೋದೆ.

ಅವರಿಗೆ ನಾನು ಹೇಳಿದ್ದಿಷ್ಟು. ಇಂಥ ಸಾಫ್ಟ್‌ವೇರ್‌ಗಳು ಮುಖ್ಯವಾಗಿ ನೋಡುವುದು ಮುಂದಿನ ಪದವನ್ನು ಎಷ್ಟು ಸುಲಭವಾಗಿ ಊಹಿಸಬಹುದು ಅನ್ನೋದನ್ನ. ಎರಡನೇ ಭಾಷೆಯಾಗಿ ಇಂಗ್ಲಿಷ್ ಕಲಿತ ಮಕ್ಕಳು ಗೊತ್ತಿರುವ ಸ್ವಲ್ಪ ಪದಗಳಲ್ಲೇ, ಪುಸ್ತಕದಲ್ಲಿ ಕಲಿತ ಸರಳ ವಾಕ್ಯಗಳಲ್ಲೇ ಬರೆಯುತ್ತಾರೆ. ಹಾಗಾಗಿ ಅವರ ಬರಹ ಯಂತ್ರದ್ದರಂತೆ ಕಾಣುತ್ತದೆ. 2023ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಅನ್ನೋ ಇಂಗ್ಲಿಷ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಇಂಥ 7 ಸಾಫ್ಟ್‌ವೇರ್‌ಗಳಿಗೆ ಕೊಟ್ಟು ನೋಡಿದ್ದರು. ಸರಾಸರಿ ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳನ್ನು ಎಐ ಬರೆದದ್ದು ಅಂತ ತಪ್ಪಾಗಿ ಹೇಳಿದವು. ಅಮೆರಿಕದ ಎಂಟನೇ ಕ್ಲಾಸಿನ ಮಕ್ಕಳ ಪ್ರಬಂಧಗಳಲ್ಲಿ ಈ ತಪ್ಪು ಆಗಿದ್ದೇ ಕಡಿಮೆ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿ 2023ರ ಜನವರಿಯಲ್ಲಿ ಇಂಥದ್ದೇ ಪತ್ತೆ ಸಾಧನವೊಂದನ್ನು ಬಿಟ್ಟು, ಸರಿಯಾಗಿ ಗುರುತಿಸುತ್ತಿಲ್ಲ ಅಂತ ಜುಲೈನಲ್ಲೇ ವಾಪಸ್ ತೆಗೆದುಕೊಂಡಿತು. ಒಂದು ಮಗುವನ್ನು ಕಳ್ಳಿ ಅನ್ನೋಕೆ ಇಂಥ ಶೇಕಡಾವಾರು ಒಂದೇ ಸಾಕಾಗಲ್ಲ.

ಮೇಷ್ಟ್ರು ವಾದ ಮಾಡಲಿಲ್ಲ, ಅದು ಅವರ ದೊಡ್ಡತನ. ಡಾಕ್ಸ್‌ನ ಇತಿಹಾಸ ತೆರೆದು ನೋಡಿದರು. ಒಂದೇ ವಾಕ್ಯವನ್ನು ಅವಳು ಒಂಬತ್ತು ಸಲ ಅಳಿಸಿ ಬರೆದಿದ್ದಳು. ನೋಟ್‌ಬುಕ್ ತಿರುವಿದರು. ಆಮೇಲೆ ಪೆನ್ ಕೆಳಗಿಟ್ಟು, "ಆ ಅಜ್ಜಿ ವಿಷಯ ಹೇಳಮ್ಮ, ಕನ್ನಡದಲ್ಲೇ ಹೇಳು" ಅಂದರು. ಅವಳು ಹೇಳಿದಳು. ಐದು ನಿಮಿಷದಲ್ಲಿ ವಿಷಯ ಇತ್ಯರ್ಥವಾಯಿತು. ಅನುಮಾನ ಬಂದರೆ ಮೊದಲು ಐದು ನಿಮಿಷ ಮಾತಾಡಿಸಿ, ಅದೂ ಮಗುವಿನ ಭಾಷೆಯಲ್ಲಿ ಮಾತಾಡಿಸಿ ಅಂತ ನಾನು ಈಗ ಎಲ್ಲ ಅಧ್ಯಾಪಕರಲ್ಲೂ ಕೇಳಿಕೊಳ್ಳುತ್ತೇನೆ.

ಅವಳ ಇಂಗ್ಲಿಷ್ ಈಗಲೂ ತಡವರಿಸುತ್ತದೆ. ನಿದ್ದೆ ಬರುತ್ತಿದೆ. ಕೋರ್ಸ್ ಬಿಡುವ ಮಾತು ನಿಂತಿದೆ. ಹದಿನೈದು ದಿನಕ್ಕೊಮ್ಮೆ ಬರುತ್ತಾಳೆ, ಜಾಸ್ತಿ ಹೊತ್ತು ಫೀಲ್ಡ್‌ನ ವಿಷಯವೇ ಮಾತಾಡುತ್ತಾಳೆ.

ಹೋದ ಸಲ ಬಂದಾಗ ಒಂದು ಪ್ರಿಂಟ್‌ಔಟ್ ತಂದಿದ್ದಳು. ಹೆಬ್ಬೆಟ್ಟು ಕೂಡದಿದ್ದರೆ ರೇಷನ್ ಇಲ್ಲ ಅನ್ನಬಹುದಾ ಅಂತ ಎಐ ಹತ್ತಿರ ಕೇಳಿದ್ದಳಂತೆ. ಅನ್ನಬಾರದು ಅಂತ ಉತ್ತರ ಬಂತು. ಈ ಸಲ ಅಷ್ಟಕ್ಕೇ ನಂಬಲಿಲ್ಲ. ತಾನೇ ಹುಡುಕಿ, ಕೇಂದ್ರ ಸರ್ಕಾರ 2017ರಲ್ಲಿ ರಾಜ್ಯಗಳಿಗೆ ಬರೆದ ಪತ್ರವನ್ನೇ ತೆಗೆದಿದ್ದಳು. ಬಯೋಮೆಟ್ರಿಕ್ ಕೂಡಲಿಲ್ಲ ಅನ್ನೋ ಕಾರಣಕ್ಕೆ ಅರ್ಹರಿಗೆ ರೇಷನ್ ನಿರಾಕರಿಸಬಾರದು ಅಂತ ಅದರಲ್ಲಿದೆ. ಇಂಗ್ಲಿಷ್ ಪತ್ರದ ಪಕ್ಕದ ಖಾಲಿ ಜಾಗದಲ್ಲಿ ಪೆನ್ಸಿಲ್‌ನಿಂದ ಕನ್ನಡದಲ್ಲಿ ಅರ್ಥ ಬರೆದುಕೊಂಡಿದ್ದಳು.

"ನಾಳೆ ಅಜ್ಜಿನ ಕರ್ಕೊಂಡು ಅಂಗಡಿಗೆ ಹೊಂಟೀನ್ರಿ. ಇದನ್ನ ತೋರಿಸಿ ಏನಂತ ಮಾತಾಡ್ಲಿ, ಒಂದ್ ಸಲ ಪ್ರಾಕ್ಟೀಸ್ ಮಾಡೂಣೇನ್ರಿ ಮೇಡಮ್?"

ನಾನು ಕುರ್ಚಿ ಹತ್ತಿರ ಎಳೆದುಕೊಂಡು ಅಂಗಡಿಯವನ ಜಾಗದಲ್ಲಿ ಕೂತೆ.