ಬೇನೆ ಬಂದಾಗ ಮೊದಲು ದವಡೆ ಸಡಿಲ ಬಿಡಿ

ಪ್ರಶ್ನೆ: ನನಗೀಗ ಏಳು ತಿಂಗಳು, ಚೊಚ್ಚಲು. ಸೀಮಂತಕ್ಕೆ ಬಂದವರೆಲ್ಲ ತಮ್ಮ ತಮ್ಮ ಹೆರಿಗೆಯ ಕಥೆ ಹೇಳಿ ಹೆದರಿಸಿ ಹೋದರು. ಮನಸ್ಸು ಸಡಿಲ ಮಾಡಿಕೊಂಡರೆ ನೋವೇ ಇಲ್ಲದೆ ನಾರ್ಮಲ್ ಹೆರಿಗೆ ಆಗುತ್ತದೆ ಎಂದು ಒಂದು ಆನ್‌ಲೈನ್ ಕ್ಲಾಸಿನವರು ಹೇಳುತ್ತಾರೆ. ಫೀಸು ಜಾಸ್ತಿ. ಸೇರಲಾ ಸಿಸ್ಟರ್?
– ಓದುಗರು, ದಾವಣಗೆರೆ

ಉತ್ತರ: ನೋವೇ ಇರುವುದಿಲ್ಲ ಅನ್ನುವವರನ್ನು ನಂಬಬೇಡಿ. ಲೇಬರ್ ವಾರ್ಡಿನಲ್ಲೇ ಕೆಲಸ ಮಾಡಿ ನಿವೃತ್ತಳಾದವಳು ನಾನು. ಅಂಥ ಗ್ಯಾರಂಟಿ ಯಾರೂ ಕೊಡಲಾರರು.

ಹಾಗಂತ ವಿಷಯ ಪೂರ್ತಿ ಸುಳ್ಳೂ ಅಲ್ಲ. ಹೆದರಿದರೆ ಮೈ ಬಿಗಿಯುತ್ತದೆ, ಮೈ ಬಿಗಿದರೆ ನೋವು ಜಾಸ್ತಿ, ನೋವು ಜಾಸ್ತಿಯಾದರೆ ಮತ್ತೆ ಹೆದರಿಕೆ. ಇಂಗ್ಲೆಂಡಿನ ಡಾಕ್ಟರ್ ಗ್ರಾಂಟ್ಲಿ ಡಿಕ್-ರೀಡ್ 1930ರ ದಶಕದಲ್ಲೇ ಇದನ್ನು ಬರೆದರು. ಗಾಬರಿಯಲ್ಲಿ ಏರುವ ಅಡ್ರಿನಲಿನ್, ಬೇನೆ ತರಿಸುವ ಆಕ್ಸಿಟೋಸಿನ್‌ಗೆ ಅಡ್ಡಗಾಲು ಹಾಕುತ್ತದೆ.

ದಿನಾ ರಾತ್ರಿ ಎಡ ಮಗ್ಗುಲಿಗೆ ಮಲಗಿ, ಮಂಡಿಗಳ ನಡುವೆ ದಿಂಬು ಇಟ್ಟುಕೊಳ್ಳಿ. ನಾಲ್ಕು ಎಣಿಸುತ್ತ ಮೂಗಿನಿಂದ ಉಸಿರು ತೆಗೆದುಕೊಳ್ಳಿ, ಆರು ಎಣಿಸುತ್ತ ಬಾಯಿಂದ ಬಿಡಿ. ಬಿಡುವಾಗ ಹಣೆ, ದವಡೆ, ಭುಜ, ಮುಷ್ಟಿ ಒಂದೊಂದಾಗಿ ಸಡಿಲವಾಗಲಿ. ದವಡೆಯನ್ನಂತೂ ಮರೆಯಬೇಡಿ. ಬೇನೆ ಬಂದ ಕೂಡಲೇ ಹಲ್ಲು ಕಚ್ಚಿ ಮಂಚದ ಕಂಬಿ ಹಿಡಿಯುವವರೇ ಹೆಚ್ಚು. "ಬಾಯಿ ಬಿಡಮ್ಮ, ಉದ್ದಕ್ಕೆ ಆ ಅನ್ನು" ಅನ್ನುತ್ತಿದ್ದೆ. ಕಿವಿಯವರೆಗೆ ಏರಿದ್ದ ಭುಜ ತಾನಾಗಿ ಇಳಿಯುತ್ತಿತ್ತು. ಒಂದು ಬೇನೆ ಸಾಮಾನ್ಯವಾಗಿ ಒಂದು ನಿಮಿಷ, ಕೊನೆಕೊನೆಗೆ ಒಂದೂವರೆ. ಅಂದರೆ ಆರೇಳು ಉಸಿರು, ಜಾಸ್ತಿಯೆಂದರೆ ಒಂಬತ್ತು. ಆಮೇಲೆ ಬಿಡುವು ಇದ್ದೇ ಇದೆ.

ಜೊತೆಗಿರುವವರಿಗೂ ಇದನ್ನು ಕಲಿಸಿ. ನೋವು ಏರಿದಾಗ ನಿಮಗೆ ಲೆಕ್ಕ ತಪ್ಪುತ್ತದೆ, ಎಣಿಸಬೇಕಾದವರು ಅವರು. ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಮನೆಯ ಹೆಂಗಸೊಬ್ಬರು ಇರಲು ಕೇಂದ್ರ ಸರ್ಕಾರ 2016ರಲ್ಲೇ ಒಪ್ಪಿದೆ. ನಿಮ್ಮ ಆಸ್ಪತ್ರೆಯಲ್ಲಿ ಈಗಲೇ ಕೇಳಿಡಿ. ಸೀಮಂತದಲ್ಲಿ ಹೆದರಿಸಿದವರನ್ನು ಮಾತ್ರ ಕರೆದುಕೊಂಡು ಹೋಗಬೇಡಿ!

ಇಷ್ಟಕ್ಕೆ ದುಡ್ಡು ಸುರಿಯಬೇಕಿಲ್ಲ, ಅಲ್ವಾ? ಅಭ್ಯಾಸ ಮಾಡಿದ ಮಾತ್ರಕ್ಕೆ ಸಿಸೇರಿಯನ್ ತಪ್ಪುತ್ತದೆ ಎಂದೇನಿಲ್ಲ. ಮಗು ಅಡ್ಡ ಮಲಗಿದ್ದರೆ ಧ್ಯಾನ ಏನು ಮಾಡೀತು? ತಡೆಯಲಾಗದಿದ್ದರೆ ನೋವಿನ ಇಂಜೆಕ್ಷನ್ ಕೇಳಲು ಸಂಕೋಚ ಬೇಡ.

ನೀರು ಹೋದರೆ, ರಕ್ತ ಕಂಡರೆ, ಮಗುವಿನ ಒದೆತ ಕಡಿಮೆಯಾದರೆ ಮನೆಯಲ್ಲಿ ಉಸಿರು ಎಣಿಸುತ್ತ ಕೂರಬೇಡಿ, ತಾಯಿ ಕಾರ್ಡ್ ಹಿಡಿದು ಆಸ್ಪತ್ರೆಗೆ ಹೊರಡಿ.