ಒಂದೇ ಮನೆಗೆ ಮೂರು ಬೆಲೆ ಯಾಕೆ? ಬೆಲೆ ಕಟ್ಟೋದು ಕಲಿಯೋದು ಹೇಗೆ?

ಪ್ರಶ್ನೆ: ಮೇಡಂ ನಮಸ್ಕಾರ. ಬಿಇ ಸಿವಿಲ್ ಮುಗಿಸಿ ದಾವಣಗೆರೆಲಿ 4 ವರ್ಷದಿಂದ ಸೈಟ್ ಇಂಜಿನಿಯರ್ ಆಗಿದೀನಿ. ನಮ್ಮದು 30x40 ಸೈಟು, 20 ವರ್ಷದ ಹಿಂದೆ ಕಟ್ಟಿದ 10 ಚದರದ ಮನೆ. ಲೋನ್‌ಗೆ ಅಂತ ಬ್ಯಾಂಕಿಂದ ಬಂದ ವ್ಯಾಲ್ಯೂಯರ್ 50 ಲಕ್ಷ ಬರೆದ್ರು, ಬ್ರೋಕರ್ 70 ಅಂತಾರೆ, ಸಬ್ ರಿಜಿಸ್ಟ್ರಾರ್ ಆಫೀಸ್ ರೇಟಲ್ಲಿ ಲೆಕ್ಕ ಹಾಕಿದ್ರೆ 38 ಬರುತ್ತೆ. ಒಂದೇ ಮನೆಗೆ ಮೂರು ಬೆಲೆ ಹೆಂಗೆ ಸಾಧ್ಯ? ನಂಗೂ ಈ ಕೆಲಸ ಕಲೀಬೇಕು ಅನ್ಸಿದೆ, ಎಲ್ಲಿಂದ ಶುರು ಮಾಡ್ಲಿ?
– ಒಬ್ಬ ಓದುಗ, ದಾವಣಗೆರೆ

ಉತ್ತರ: ಬ್ರೋಕರ್ ಹೇಳಿದ್ದು ಮಾರೋರು ಕೇಳೋ ರೇಟು, ಅಷ್ಟಕ್ಕೆ ಯಾರಾದ್ರೂ ತಗೊಂಡಿದಾರಾ ಅನ್ನೋದು ಬೇರೆ ಮಾತು. ಸಬ್ ರಿಜಿಸ್ಟ್ರಾರ್ ಆಫೀಸಿನದು ಮಾರ್ಗಸೂಚಿ ದರ, ಸ್ಟಾಂಪ್ ಡ್ಯೂಟಿ ಇದಕ್ಕಿಂತ ಕಮ್ಮಿ ಬೆಲೆ ಮೇಲೆ ಕಟ್ಟೋ ಹಾಗಿಲ್ಲ ಅಂತ ಸರ್ಕಾರ ಇಟ್ಟಿರೋದು, ನಮ್ಮಲ್ಲಿ 2023ರ ಅಕ್ಟೋಬರ್ 1ರಿಂದ ಅದನ್ನ ಪರಿಷ್ಕರಿಸಿದ್ರು, ಆದ್ರೆ ಎಷ್ಟೋ ಕಡೆ ಅದು ನಿಜವಾದ ರೇಟಿಗಿಂತ ಕೆಳಗಿದೆ, ಕೆಲವು ಕಡೆ ಮೇಲೂ ಇದೆ. ವ್ಯಾಲ್ಯೂಯರ್ ಹುಡುಕೋದು, ಅರ್ಜೆಂಟ್ ಇಲ್ದೇ ಇರೋ ಒಬ್ರು ಮಾರಿ, ಎಲ್ಲ ವಿಚಾರಿಸಿಕೊಂಡಿರೋ ಒಬ್ರು ಕೊಂಡ್ರೆ ಈ ತಾರೀಖಿಗೆ ಎಷ್ಟಕ್ಕೆ ಕುದುರುತ್ತೆ ಅನ್ನೋದನ್ನ. ಹಂಗಾಗಿ ಯಾವ ಆಸ್ತಿ ನೋಡೋಕೆ ಹೋದ್ರೂ ಮೊದ್ಲು ಕೇಳ್ಬೇಕಾದ್ದು ಬೆಲೆ ಯಾತಕ್ಕೆ ಬೇಕು, ಯಾವ ತಾರೀಖಿಗೆ ಬೇಕು ಅಂತ.

ವಿಧಾನ ಮುಖ್ಯವಾಗಿ ಮೂರು. ನೀವು ಜಾಸ್ತಿ ಬೆವರು ಸುರಿಸಬೇಕಾದ್ದು ಮೊದಲನೇದಕ್ಕೆ, ಅಂದ್ರೆ ಹೋಲಿಕೆ ವಿಧಾನ. ಅಕ್ಕಪಕ್ಕ ಇತ್ತೀಚೆಗೆ ಮಾರಿರೋ ಸೈಟುಗಳನ್ನ ಹುಡುಕಿ ನಿಮ್ಮದರ ಜೊತೆ ಹೋಲಿಸೋದು. ಉದಾಹರಣೆಗೆ 40 ಅಡಿ ರೋಡಿನ ಕಾರ್ನರ್ ಸೈಟು ಚದರಡಿಗೆ 3,500ಕ್ಕೆ ಹೋಗಿದೆ, ನಿಮ್ಮದು 30 ಅಡಿ ರೋಡಲ್ಲಿ ನಡುವಿನ ಸೈಟು ಅಂತ ಇಟ್ಕೊಳ್ಳಿ. ಅದು ನಿಮ್ಮದಕ್ಕಿಂತ ಚೆನ್ನಾಗಿರೋದ್ರಿಂದ ಅದರ ರೇಟಲ್ಲಿ ಕಳೀಬೇಕು, ಅದೇ ನಿಮ್ಮದಕ್ಕಿಂತ ಕಳಪೆ ಇದ್ದಿದ್ರೆ ಅದಕ್ಕೆ ಕೂಡಿಸಬೇಕು. ತಿದ್ದೋದು ಯಾವಾಗ್ಲೂ ಮಾರಿರೋ ಸೈಟಿನ ರೇಟನ್ನ, ಕಲಿಯೋ ಹುಡುಗರು ಮತ್ತೆ ಮತ್ತೆ ತಪ್ಪೋದು ಇಲ್ಲೇ. ಅಣ್ಣತಮ್ಮಂದಿರ ಮಧ್ಯೆ ಆಗಿರೋ ಕ್ರಯ, ಸಾಲ ತೀರಿಸೋಕೆ ಅವಸರದಲ್ಲಿ ಮಾರಿದ್ದು, ಇವನ್ನೆಲ್ಲ ಲೆಕ್ಕಕ್ಕೆ ತಗೋಬಾರ್ದು. ಖಾತಾ ಸರಿ ಇರೋ ಸೈಟಿಗೆ ರೆವಿನ್ಯೂ ಸೈಟಿನ (ಮಂಜೂರಾತಿ ಇಲ್ದೇ ಕೃಷಿ ಜಮೀನಲ್ಲಿ ಮಾಡಿದ ಸೈಟು) ರೇಟು ಹೋಲಿಸೋದೂ ತಪ್ಪೇ, ಪಕ್ಕಪಕ್ಕದಲ್ಲಿದ್ರೂ ಅವೆರಡೂ ಒಂದೇ ಸರಕಲ್ಲ.

ನಮ್ಮ ಕಡೆ ದೊಡ್ಡ ತಲೆನೋವು ಅಂದ್ರೆ ಕ್ರಯಪತ್ರದಲ್ಲಿ ಬರೆದಿರೋ ಮೊತ್ತ ಒಂದು, ಕೈ ಬದಲಾದ ದುಡ್ಡು ಇನ್ನೊಂದು. ಇಸಿ (ಆ ಆಸ್ತಿ ಮೇಲೆ ನೋಂದಣಿ ಆಗಿರೋ ವ್ಯವಹಾರಗಳ ಪ್ರಮಾಣಪತ್ರ) ತೆಗೆಸಿದ್ರೆ ಕಾಣೋದು ಬರೆದಿರೋದು ಮಾತ್ರ. ಶುರುವಲ್ಲಿ ನಾನು ಬ್ರೋಕರ್‌ಗಳು ಹೇಳಿದ್ದನ್ನೇ ಮಾರಾಟ ಆದ ರೇಟು ಅಂತ ನಂಬಿ ಒಂದು ರಿಪೋರ್ಟ್ ಕೊಟ್ಟಿದ್ದೆ, ಆಮೇಲೆ ಆ ಬೀದಿಲಿ ಕೊಂಡೋರನ್ನೇ ಮಾತಾಡಿಸಿದಾಗ ಗೊತ್ತಾಯ್ತು ನಾನು ಬರೆದಿದ್ದು ಎಷ್ಟು ಮೇಲಿತ್ತು ಅಂತ, ಇವತ್ತಿಗೂ ಅದು ನನ್ನ ಮನಸ್ಸಲ್ಲಿ ಕೊರೀತಿದೆ, ಯಾಕಂದ್ರೆ ಅದನ್ನ ನಂಬಿ ಒಂದು ಕುಟುಂಬ ತೀರ್ಮಾನ ತಗೊಂಡಿತ್ತು. ಅವತ್ತಿಂದ ಇಸಿ, ಕೊಂಡೋರ ಬಾಯಿ, ಇಬ್ಬರು ಮೂವರು ಬ್ರೋಕರ್‌ಗಳು, ಎಲ್ಲ ಕಡೆಯಿಂದ ಬಂದದ್ದನ್ನ ತಾಳೆ ನೋಡ್ದೆ ನಾನು ರೇಟು ಬರೆಯಲ್ಲ.

ಎರಡನೇದು ಜಾಗ ಬೇರೆ, ಕಟ್ಟಡ ಬೇರೆ ಮಾಡಿ ಲೆಕ್ಕ ಹಾಕೋದು, ಇದು ಸಿವಿಲ್ ಓದಿದೋರಿಗೆ ಸಲೀಸು. ಜಾಗ 1,200 ಚದರಡಿ, ಅಡಿಗೆ 3,000 ಅಂದ್ರೆ 36 ಲಕ್ಷ. ಅಂಥದ್ದೇ 10 ಚದರ, ಅಂದ್ರೆ 1,000 ಚದರಡಿ ಮನೆ ಇವತ್ತು ಕಟ್ಟೋಕೆ ಅಡಿಗೆ 2,000ದ ಹಾಗೆ 20 ಲಕ್ಷ. ಆಯಸ್ಸು 60 ವರ್ಷ, ಕೊನೆಗೆ ಉಳಿಯೋ ಸಾಮಾನಿನ ಬೆಲೆ ಶೇ 10 ಅಂತ ಹಿಡಿದ್ರೆ, ಮಿಕ್ಕ ಶೇ 90ರಲ್ಲಿ ಮೂರನೇ ಒಂದು ಭಾಗ, ಹಂಗಾಗಿ 20 ವರ್ಷಕ್ಕೆ ಸವಕಳಿ (ಹಳೇದಾಗಿ ಇಳಿಯೋ ಬೆಲೆ) ಶೇ 30, ಅಂದ್ರೆ 6 ಲಕ್ಷ ಹೋಗಿ 14 ಉಳೀತು. ಎರಡೂ ಸೇರಿ 50 ಲಕ್ಷ, ನಿಮ್ಮ ವ್ಯಾಲ್ಯೂಯರ್ ಬಹುಶಃ ಹೀಗೇ ಮಾಡಿರ್ತಾರೆ.

ಮೂರನೇದು ಬಾಡಿಗೆ ಲೆಕ್ಕ. ತಿಂಗಳಿಗೆ 12,000 ಬಂದ್ರೆ ವರ್ಷಕ್ಕೆ 1,44,000, ಕಂದಾಯ, ರಿಪೇರಿ, ಖಾಲಿ ಬೀಳೋ ದಿನ ಅಂತ 24,000 ಕಳೆದ್ರೆ 1,20,000. ಮನೆ ಬೆಲೆಗೆ ವರ್ಷಕ್ಕೆ ಇಷ್ಟು ಪರ್ಸೆಂಟ್ ಆದಾಯ ಅಂತ ಒಂದು ದರ ಹಿಡಿದು, ಇದನ್ನ ಶೇ 3ರಿಂದ ಭಾಗಿಸಿದ್ರೆ 40 ಲಕ್ಷ, ಶೇ 2.5ರಿಂದ ಭಾಗಿಸಿದ್ರೆ 48 ಲಕ್ಷ. ಬರೀ ಅರ್ಧ ಪರ್ಸೆಂಟಿಗೆ 8 ಲಕ್ಷ ಆಚೀಚೆ! ಅದಕ್ಕೇ ಆ ದರ ಪುಸ್ತಕ ನೋಡಿ ಹಾಕೋದಲ್ಲ, ಅದೇ ಏರಿಯಾಲಿ ಮಾರಿರೋ ಮನೆಗಳ ಬಾಡಿಗೆಗೂ ಬೆಲೆಗೂ ಇರೋ ಸಂಬಂಧದಿಂದ ತೆಗೀಬೇಕು. ವಾಸದ ಮನೆಗಿಂತ ಅಂಗಡಿ, ಕಾಂಪ್ಲೆಕ್ಸ್‌ಗಳಿಗೆ ಈ ವಿಧಾನ ಚೆನ್ನಾಗಿ ಒಪ್ಪುತ್ತೆ.

ಇನ್ನು ತತ್ವಗಳು. ಆ ಜಾಗಕ್ಕೆ ಕಾನೂನು ಒಪ್ಪೋ, ಕಟ್ಟೋಕೆ ಆಗೋ, ಲಾಭ ಬರೋ ಉಪಯೋಗಗಳಲ್ಲಿ ಯಾವುದರಿಂದ ಅತೀ ಹೆಚ್ಚು ಬೆಲೆ ಹುಟ್ಟುತ್ತೆ ಅಂತ ನೋಡೋದು ಒಂದು. ಪಿ.ಜೆ. ಬಡಾವಣೆ ಥರದ ಹಳೇ ಏರಿಯಾಲಿ ಮೇನ್ ರೋಡಿಗಿರೋ ಹಳೇ ಹೆಂಚಿನ ಮನೇನ ನೆನೆಸ್ಕೊಳ್ಳಿ, ಕೊಳ್ಳೋನು ಹೆಂಚಿಗೆ ದುಡ್ಡು ಕೊಡಲ್ಲ, ಅಲ್ಲಿ ಏನು ಕಟ್ಟಬಹುದು ಅನ್ನೋದಕ್ಕೆ ಕೊಡ್ತಾನೆ, ಆದ್ರೆ ಮಾಸ್ಟರ್ ಪ್ಲಾನ್ ಅದನ್ನ ವಾಸಕ್ಕೆ ಮಾತ್ರ ಅಂತ ಇಟ್ಟಿದ್ರೆ ಆ ಆಸೆನೂ ಬಿಡಬೇಕು. ಇನ್ನೊಂದು, ಹಾಕಿದ ಖರ್ಚೆಲ್ಲ ಬೆಲೆ ಆಗಲ್ಲ. ಸಾಧಾರಣ ಬೀದಿಲಿ 5 ಲಕ್ಷದ ಮಾರ್ಬಲ್ ಹಾಕಿಸಿದ್ರೆ ಮನೆ ಬೆಲೆ 5 ಲಕ್ಷ ಏರುತ್ತೆ ಅನ್ನೋ ಗ್ಯಾರಂಟಿ ಇಲ್ಲ.

ಲೈಸೆನ್ಸ್ ವಿಷಯ: 2017ರ ನಿಯಮಗಳ ಪ್ರಕಾರ ಕಂಪನಿ ಕಾಯ್ದೆ ಅಡಿ ನೋಂದಾಯಿತ ವ್ಯಾಲ್ಯೂಯರ್ ಆಗೋಕೆ ಸಿವಿಲ್ ಪದವೀಧರರಿಗೆ 5 ವರ್ಷ ಅನುಭವ ಬೇಕು, ನಿಮಗಿನ್ನೊಂದು ವರ್ಷ ಇದೆ. ಮಾನ್ಯತೆ ಇರೋ ವ್ಯಾಲ್ಯೂಯರ್‌ಗಳ ಸಂಸ್ಥೆಗೆ ಸದಸ್ಯರಾಗಿ, 50 ಗಂಟೆ ಕೋರ್ಸ್ ಮಾಡಿ, ಐಬಿಬಿಐ (ಭಾರತೀಯ ದಿವಾಳಿತನ ಮಂಡಳಿ) ಪರೀಕ್ಷೆಲಿ ಭೂಮಿ ಮತ್ತು ಕಟ್ಟಡ ವಿಭಾಗ ಪಾಸಾಗ್ಬೇಕು, ಪಾಸಿಗೆ ಶೇ 60. ಆ ವರ್ಷ ಪೂರ್ತಿ ಒಬ್ಬ ಅನುಭವಿ ವ್ಯಾಲ್ಯೂಯರ್ ಜೊತೆ ಭಾನುವಾರ ಭಾನುವಾರ ತಿರುಗಿ, ಒಂದು ನೋಟ್‌ಬುಕ್ ಇಟ್ಟು ನಿಮ್ಮ ಬಡಾವಣೆಲಿ ಮಾರಾಟ ಆದ ಪ್ರತಿ ಸೈಟಿನ ಅಳತೆ, ರೋಡು, ದಿಕ್ಕು, ತಿಂಗಳು, ರೇಟು ಬರೀತಾ ಹೋಗಿ.

ಪ್ರಶ್ನೆ: ಅಪ್ಪ 1985ರಲ್ಲಿ ತಗೊಂಡ ಸೈಟ್ ಮಾರ್ತಿದೀವಿ, ಆಡಿಟರ್ 2001ರ ಬೆಲೆ ತನ್ನಿ ಅಂತಾರೆ, ಯಾಕೆ?
– ಓದುಗರು, ಹಾಸನ

ಉತ್ತರ: 2001ರ ಏಪ್ರಿಲ್ 1ಕ್ಕಿಂತ ಮುಂಚೆ ಕೊಂಡ ಆಸ್ತಿಗೆ ಕ್ಯಾಪಿಟಲ್ ಗೇನ್ಸ್ (ಆಸ್ತಿ ಮಾರಿ ಬಂದ ಲಾಭ) ಲೆಕ್ಕ ಹಾಕುವಾಗ ಕೊಂಡ ಬೆಲೆ ಬದಲು ಆ ತಾರೀಖಿನ ಮಾರುಕಟ್ಟೆ ಬೆಲೆ ತಗೋಬಹುದು, ಅದರಿಂದ ಸಾಮಾನ್ಯವಾಗಿ ಟ್ಯಾಕ್ಸ್ ಕಮ್ಮಿ ಆಗುತ್ತೆ. ಆದ್ರೆ ಆ ದಿನದ ಮಾರ್ಗಸೂಚಿ ದರ ಇದ್ರೆ ಅದನ್ನ ಮೀರೋ ಹಾಗಿಲ್ಲ, ಹಾಗಾಗಿ ಮೊದ್ಲು ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಆ ಕಾಲದ ದರ ಕೇಳಿ, ಆಮೇಲೆ ವ್ಯಾಲ್ಯೂಯರ್ ಹತ್ರ ಹೋಗಿ.