ಪ್ರಶ್ನೋತ್ತರ: ಸಿಯುಇಟಿ ಇಂಗ್ಲಿಷ್ ಪತ್ರಿಕೆಗೆ ವ್ಯಾಕರಣದ ಸಿದ್ಧತೆ

ಪ್ರಶ್ನೆ: ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ದ್ವಿತೀಯ ಪಿಯುಸಿ ಕಲಾ ವಿಭಾಗದಲ್ಲಿದ್ದೇನೆ. ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಪದವಿ ಓದುವ ಆಸೆಯಿಂದ, ಪದವಿ ಪ್ರವೇಶಕ್ಕಾಗಿ ನಡೆಯುವ ಸಾಮಾನ್ಯ ಪರೀಕ್ಷೆಯಾದ ಸಿಯುಇಟಿಗೆ ಇಂಗ್ಲಿಷ್ ಪತ್ರಿಕೆಯನ್ನು ಆರಿಸಿಕೊಂಡಿದ್ದೇನೆ. ದಪ್ಪನೆಯ ವ್ಯಾಕರಣ ಪುಸ್ತಕವೊಂದನ್ನು ಓದಿ ಮುಗಿಸಿದ್ದೇನೆ; ಯಾವ ನಿಯಮ ಕೇಳಿದರೂ ಹೇಳಬಲ್ಲೆ. ಆದರೂ ಮಾಕ್ ಟೆಸ್ಟ್‌ಗಳಲ್ಲಿ ಸರಿಯಾದ ವಾಕ್ಯವನ್ನು ಆರಿಸುವಾಗ ಎಡವುತ್ತೇನೆ. ನನ್ನ ಓದಿನಲ್ಲಿ ಏನು ಕೊರತೆಯಿದೆ?
– ವಿದ್ಯಾರ್ಥಿನಿ, ರಾಣೆಬೆನ್ನೂರು

ಉತ್ತರ: ನಿಮ್ಮ ಶ್ರಮದಲ್ಲಿ ಕೊರತೆಯಿಲ್ಲ, ಶ್ರಮ ಹೋಗುತ್ತಿರುವ ದಿಕ್ಕನ್ನು ಸ್ವಲ್ಪ ಬದಲಿಸಿಕೊಳ್ಳಬೇಕಾಗಿದೆ. ಈ ಪರೀಕ್ಷೆ ನಿಯಮದ ಹೆಸರನ್ನಾಗಲಿ ವ್ಯಾಖ್ಯೆಯನ್ನಾಗಲಿ ಕೇಳುವುದಿಲ್ಲ. ಗದ್ಯಭಾಗದ ಗ್ರಹಿಕೆ, ಬಿಡಿಭಾಗಗಳನ್ನು ಕ್ರಮವಾಗಿ ಜೋಡಿಸುವುದು, ಬಿಟ್ಟ ಸ್ಥಳಕ್ಕೆ ಸರಿಯಾದ ಪದ, ಸಮಾನಾರ್ಥಕ ಮತ್ತು ವಿರುದ್ಧಾರ್ಥಕ ಪದಗಳು, ಇವುಗಳ ನಡುವೆಯೇ ವ್ಯಾಕರಣವೂ ಅಡಗಿರುತ್ತದೆ. 2025ರಿಂದ 50 ಪ್ರಶ್ನೆಗಳಿಗೆ 60 ನಿಮಿಷಗಳ ಕಾಲಾವಕಾಶವಿದ್ದು, ಎಲ್ಲ ಪ್ರಶ್ನೆಗಳೂ ಕಡ್ಡಾಯವಾಗಿವೆ. ಒಂದು ಪ್ರಶ್ನೆಗೆ ಒಂದು ನಿಮಿಷಕ್ಕಿಂತ ತುಸು ಹೆಚ್ಚು ಸಮಯ ಸಿಗುವ ಪರೀಕ್ಷೆಯಲ್ಲಿ, ಕಂಠಪಾಠ ಮಾಡಿದ ನಿಯಮವನ್ನು ನೆನಪಿನಿಂದ ಹೊರತೆಗೆದು ವಾಕ್ಯಕ್ಕೆ ಅನ್ವಯಿಸಿ ನೋಡುವಷ್ಟು ವ್ಯವಧಾನ ಇರುವುದಿಲ್ಲ. ಕಣ್ಣು ತಾನಾಗಿಯೇ ತಪ್ಪಿನ ಮೇಲೆ ನಿಲ್ಲಬೇಕು.

ಹಾಗೆ ನಿಲ್ಲಬೇಕಾದರೆ, ಕನ್ನಡದಲ್ಲಿ ಯೋಚಿಸುವ ನಮ್ಮಂಥವರು ಇಂಗ್ಲಿಷಿನಲ್ಲಿ ಎಲ್ಲೆಲ್ಲಿ ತಪ್ಪುತ್ತೇವೆ ಎಂಬುದನ್ನು ಮೊದಲು ಅರಿತುಕೊಳ್ಳಬೇಕು. ಈ ತಪ್ಪುಗಳು ಅಡ್ಡಾದಿಡ್ಡಿಯಾಗಿ ಬರುವುದಿಲ್ಲ. ಎರಡು ಭಾಷೆಗಳ ವಾಕ್ಯರಚನೆ ಬೇರೆಯಾಗುವ ಜಾಗಗಳಲ್ಲಿಯೇ ಮತ್ತೆ ಮತ್ತೆ ಬರುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕರ್ತೃಪದ ಮತ್ತು ಕ್ರಿಯಾಪದಗಳ ಹೊಂದಾಣಿಕೆಯನ್ನೇ ನೋಡಿ. ‘ಈ ಮಾವಿನಹಣ್ಣುಗಳ ಗುಣಮಟ್ಟ ಚೆನ್ನಾಗಿದೆ’ ಎಂಬಲ್ಲಿ ‘ಗುಣಮಟ್ಟ’ ಎಂಬ ಮುಖ್ಯ ನಾಮಪದ ಕೊನೆಗೆ ಬಂದು ಕ್ರಿಯಾಪದದ ಪಕ್ಕದಲ್ಲಿಯೇ ನಿಲ್ಲುತ್ತದೆ. ಆದ್ದರಿಂದ ಕನ್ನಡದಲ್ಲಿ ಗೊಂದಲಕ್ಕೆ ಆಸ್ಪದವಿಲ್ಲ. ಇಂಗ್ಲಿಷಿನಲ್ಲಿ ಕ್ರಮ ತಿರುಗುಮುರುಗಾಗುತ್ತದೆ: ‘ದ ಕ್ವಾಲಿಟಿ ಆಫ್ ದೀಸ್ ಮ್ಯಾಂಗೋಸ್’. ಮುಖ್ಯ ಪದ ಹಿಂದೆ ಉಳಿದು, ಬಹುವಚನದ ‘ಮ್ಯಾಂಗೋಸ್’ ಕ್ರಿಯಾಪದಕ್ಕೆ ಹತ್ತಿರವಾಗುವುದರಿಂದ ಕಿವಿಗೆ ‘ಆರ್’ ಸರಿಯೆನಿಸುತ್ತದೆ, ಆದರೆ ಬರಬೇಕಾದದ್ದು ‘ಈಸ್’. ಪ್ರಶ್ನೆ ತಯಾರಿಸುವವರು ಕರ್ತೃವಿಗೂ ಕ್ರಿಯೆಗೂ ನಡುವೆ ಉದ್ದನೆಯ ಪದಪುಂಜವನ್ನು ತುರುಕುವುದು ಇದೇ ಕಾರಣಕ್ಕೆ. ಅಭ್ಯಾಸ ಮಾಡುವಾಗ ಪೆನ್ಸಿಲ್ ಹಿಡಿದು ಆ ನಡುವಿನ ಭಾಗವನ್ನು ಕಂಸದಲ್ಲಿ ಹಾಕಿ, ಉಳಿದದ್ದನ್ನು ಮಾತ್ರ ಓದಿ. ನಮ್ಮ ಆಡುಮಾತಿನಲ್ಲಿ ‘ಪುಸ್ತಕಗಳು ಇದೆ’ ಎಂಬಂತಹ ಪ್ರಯೋಗಗಳು ಸಲೀಸಾಗಿ ಸಾಗುತ್ತವೆ. ಆ ಸಲಿಗೆಯೂ ಇಂಗ್ಲಿಷಿನಲ್ಲಿ ನಮ್ಮ ಎಚ್ಚರವನ್ನು ತಗ್ಗಿಸುತ್ತದೆ.

ಎರಡನೆಯದು ಕಾಲ. ‘2019ರಿಂದ ಇಲ್ಲಿದ್ದೇನೆ’, ‘ಐದು ವರ್ಷಗಳಿಂದ ಇಲ್ಲಿದ್ದೇನೆ’ ಎಂಬ ಎರಡೂ ವಾಕ್ಯಗಳಿಗೆ ಕನ್ನಡದಲ್ಲಿ ‘ಇಂದ’ ಎಂಬ ಒಂದೇ ಪ್ರತ್ಯಯ ಸಾಕು, ಕ್ರಿಯಾಪದವೂ ವರ್ತಮಾನದಲ್ಲಿಯೇ ಇರುತ್ತದೆ. ಅದನ್ನೇ ಇಂಗ್ಲಿಷಿಗೆ ಸಾಗಿಸಿದಾಗ ‘ಐ ಆ್ಯಮ್ ಲಿವಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಎಂಬ ವಾಕ್ಯ ಹುಟ್ಟುತ್ತದೆ. ಇದರಲ್ಲಿ ಎರಡು ತಪ್ಪುಗಳಿವೆ. ಹಿಂದೆ ಆರಂಭವಾಗಿ ಈಗಲೂ ಮುಂದುವರಿದಿರುವ ಕ್ರಿಯೆಗೆ ‘ಹ್ಯಾವ್ ಬೀನ್ ಲಿವಿಂಗ್’ ಬೇಕು. ಆರಂಭದ ಬಿಂದುವಿಗೆ ‘ಸಿನ್ಸ್’ ಮತ್ತು ಅವಧಿಯ ಉದ್ದಕ್ಕೆ ‘ಫಾರ್’ ಬರಬೇಕು. ಬಿಟ್ಟ ಸ್ಥಳ ತುಂಬುವ ಪ್ರಶ್ನೆಯಲ್ಲಿ ಇವೆರಡೂ ಆಯ್ಕೆಗಳಾಗಿ ಎದುರಾದರೆ, ಮುಂದಿರುವುದು ಕ್ಯಾಲೆಂಡರಿನಲ್ಲಿ ಗುರುತು ಹಾಕಬಹುದಾದ ದಿನವೋ ಅಥವಾ ಎಣಿಸಬಹುದಾದ ಅವಧಿಯೋ ಎಂದು ಕೇಳಿಕೊಳ್ಳಿ, ಉತ್ತರ ಹೊಳೆಯುತ್ತದೆ.

ಪರರ ಮಾತನ್ನು ಹೇಳುವಲ್ಲಿಯೂ ಇದೇ ಕಥೆ. ‘ನಾಳೆ ಬರುತ್ತೇನೆ ಎಂದು ಅವನು ಹೇಳಿದ’ ಎಂಬಲ್ಲಿ ‘ಎಂದು’ ಇರುವುದರಿಂದ ಆಡಿದ ಮಾತನ್ನು ಇದ್ದ ಹಾಗೆಯೇ ಉಳಿಸಿಕೊಳ್ಳಬಹುದು. ಇಂಗ್ಲಿಷಿನ ಪರೋಕ್ಷ ವಾಕ್ಯದಲ್ಲಿ ‘ಐ’ ಎಂಬುದು ‘ಹಿ’ ಆಗುತ್ತದೆ, ‘ವಿಲ್’ ಎಂಬುದು ‘ವುಡ್’ ಆಗುತ್ತದೆ, ‘ಟುಮಾರೋ’ ಕೂಡ ‘ದ ನೆಕ್ಸ್ಟ್ ಡೇ’ ಆಗುತ್ತದೆ. ಹಾಗೆಯೇ ‘ಅವನು ಎಲ್ಲಿದ್ದಾನೆ?’ ಎಂಬ ಪ್ರಶ್ನೆಯನ್ನು ‘ಅವನು ಎಲ್ಲಿದ್ದಾನೆ ಎಂದು ಗೊತ್ತಿಲ್ಲ’ ಎಂದು ಬೆಳೆಸಿದರೂ ನಮ್ಮಲ್ಲಿ ಪದಕ್ರಮ ಕದಲುವುದಿಲ್ಲ. ಅಲ್ಲಿ ಮಾತ್ರ ‘ವೇರ್ ಈಸ್ ಹಿ’ ಎಂಬುದು ‘ಐ ಡೋಂಟ್ ನೋ ವೇರ್ ಹಿ ಈಸ್’ ಎಂದು ಹೊರಳಬೇಕು.

‘ಎ’ ಮತ್ತು ‘ಆ್ಯನ್’ ಬಳಕೆಯಲ್ಲಿ ಕನ್ನಡ ಲಿಪಿಯೇ ನಿಮಗೆ ನೆರವಾಗುತ್ತದೆ. ಇಂಗ್ಲಿಷ್ ಅಕ್ಷರಗಳನ್ನು ನೋಡದೆ ಉಚ್ಚಾರವನ್ನು ಕನ್ನಡದಲ್ಲಿ ಬರೆದುಕೊಳ್ಳಿ. ‘ಯೂನಿವರ್ಸಿಟಿ’ ವ್ಯಂಜನದಿಂದ ಆರಂಭವಾಗುತ್ತದೆ, ಆದ್ದರಿಂದ ‘ಎ’; ‘ಅವರ್’ (ಗಂಟೆ) ಸ್ವರದಿಂದ ಆರಂಭವಾಗುತ್ತದೆ, ಆದ್ದರಿಂದ ‘ಆ್ಯನ್’. ಒಂದು ಎಚ್ಚರಿಕೆ: ನಮ್ಮಲ್ಲಿ ಅನೇಕರು ‘ಎಗ್’ ಎಂಬುದನ್ನು ‘ಯೆಗ್’ ಎಂದು ಉಚ್ಚರಿಸುತ್ತಾರೆ. ಆ ಯಕಾರ ಇಂಗ್ಲಿಷಿನದಲ್ಲ. ಅಲ್ಲಿ ‘ಆ್ಯನ್’ ಎಂಬುದೇ ಸರಿ.

ಉಳಿದವು ಸಣ್ಣವು: ‘ಡಿಸ್ಕಸ್’ ಮುಂದೆ ‘ಅಬೌಟ್’ ಬೇಡ, ‘ಒನ್ ಆಫ್ ಮೈ’ ಎಂದ ಮೇಲೆ ‘ಫ್ರೆಂಡ್ಸ್’ ಎಂದೇ ಬರಬೇಕು, ‘ಆಲ್ದೋ’ ಇದ್ದಲ್ಲಿ ‘ಬಟ್’ ಬರಬಾರದು, ‘ಸೀನಿಯರ್’ ಜೊತೆಗೆ ‘ದ್ಯಾನ್’ ಅಲ್ಲ, ‘ಟು’. ಪುಸ್ತಕವನ್ನು ಇನ್ನೊಮ್ಮೆ ಮೊದಲಿನಿಂದ ಓದುವ ಬದಲು ನೋಟ್‌ಬುಕ್ಕೊಂದನ್ನು ಇಟ್ಟುಕೊಂಡು, ಪ್ರತಿ ಮಾಕ್ ಟೆಸ್ಟ್‌ನಲ್ಲಿ ತಪ್ಪಿದ ವಾಕ್ಯ, ಅದರ ಸರಿಯಾದ ರೂಪ ಮತ್ತು ಅದೇ ಅರ್ಥದ ಕನ್ನಡ ವಾಕ್ಯವನ್ನು ಒಟ್ಟಿಗೆ ಬರೆಯಿರಿ. ತಪ್ಪು ಎಲ್ಲಿಂದ ಬಂತೆಂಬುದು ಆ ಮೂರನ್ನು ಜೊತೆಗಿಟ್ಟು ನೋಡಿದಾಗಲೇ ಕಾಣುತ್ತದೆ.

ಪ್ರಶ್ನೆ: ಬಿಡಿಭಾಗಗಳನ್ನು ಜೋಡಿಸುವ ಪ್ರಶ್ನೆಗಳಲ್ಲಿ ನನಗೆ ಬಹಳ ಸಮಯ ಹಿಡಿಯುತ್ತದೆ. ಇದಕ್ಕೂ ವ್ಯಾಕರಣಕ್ಕೂ ಸಂಬಂಧವಿದೆಯೇ?
– ವಿದ್ಯಾರ್ಥಿ, ಸಿಂಧನೂರು

ಉತ್ತರ: ನಿಕಟವಾದ ಸಂಬಂಧವಿದೆ. ಅನೇಕರು ಅರ್ಥವನ್ನು ಮಾತ್ರ ಹಿಡಿದು ಎಲ್ಲ ಬಗೆಯ ಜೋಡಣೆಗಳನ್ನೂ ಒಂದೊಂದಾಗಿ ಪ್ರಯತ್ನಿಸುತ್ತಾರೆ. ಸಮಯ ಹೋಗುವುದು ಅಲ್ಲಿಯೇ. ಒಂದೇ ವಾಕ್ಯದ ತುಂಡುಗಳಾದರೆ ಮೊದಲು ಕರ್ತೃಪದವನ್ನೂ ಅದಕ್ಕೆ ಹೊಂದುವ ಕ್ರಿಯಾಪದವನ್ನೂ ಹುಡುಕಿ. ‘ವಿಚ್’, ‘ಹೂ’ ಎಂದು ಆರಂಭವಾಗುವ ತುಂಡು ಸಾಮಾನ್ಯವಾಗಿ ತಾನು ವಿವರಿಸುವ ನಾಮಪದವಾದ ಕೂಡಲೇ ಬರುತ್ತದೆ. ಹಲವು ವಾಕ್ಯಗಳಾದರೆ ಸರ್ವನಾಮಗಳನ್ನು ಗಮನಿಸಿ. ‘ಹಿ’, ‘ದಿಸ್’, ‘ಸಚ್’ ಮುಂತಾದವು ಹಿಂದೆ ಹೇಳಿದ್ದನ್ನು ಸೂಚಿಸುವುದರಿಂದ ಅವುಗಳಿಂದ ಗದ್ಯಭಾಗ ಆರಂಭವಾಗುವ ಸಾಧ್ಯತೆ ಕಡಿಮೆ. ಆರ್ಟಿಕಲ್ ಕೂಡ ಸುಳಿವು ಕೊಡುತ್ತದೆ: ಮೊದಲ ಬಾರಿ ಬಂದ ರೈತ ‘ಎ ಫಾರ್ಮರ್’, ಅದೇ ರೈತ ಮತ್ತೆ ಬಂದಾಗ ‘ದ ಫಾರ್ಮರ್’. ಹೀಗೆ ಖಚಿತವಾಗಿ ಕೂಡುವ ಒಂದೇ ಒಂದು ಜೋಡಿ ದೊರೆತರೂ ಸಾಕು, ನಾಲ್ಕು ಆಯ್ಕೆಗಳಲ್ಲಿ ಆ ಜೋಡಿ ಇಲ್ಲದವುಗಳನ್ನು ಕೈಬಿಟ್ಟು ಮುಂದುವರಿಯಬಹುದು. ಈ ಪರೀಕ್ಷೆ ನಡೆಸುವ ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯ ಜಾಲತಾಣದಲ್ಲಿ ಸಿಗುವ ಹಿಂದಿನ ಪ್ರಶ್ನೆಪತ್ರಿಕೆಗಳಿಂದಲೇ ಈ ಅಭ್ಯಾಸ ಮಾಡಿ.

ಪ್ರಶ್ನೆ: ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರಾದ್ದರಿಂದ, ಸಂದೇಹವಿರುವ ವ್ಯಾಕರಣ ಪ್ರಶ್ನೆಗಳನ್ನು ಬಿಟ್ಟುಬಿಡುವಂತೆ ಮಗಳಿಗೆ ಹೇಳಿದ್ದೇನೆ. ಇದು ಸರಿಯೇ?
– ಪೋಷಕರೊಬ್ಬರು, ಶಿರಸಿ

ಉತ್ತರ: ನಿಮ್ಮ ಕಾಳಜಿ ಅರ್ಥವಾಗುತ್ತದೆ, ಆದರೆ ಈ ಪರೀಕ್ಷೆಯ ಮಟ್ಟಿಗೆ ಆ ಸಲಹೆಯಿಂದ ನಷ್ಟವೇ ಹೆಚ್ಚು. ಸರಿಯುತ್ತರಕ್ಕೆ 5 ಅಂಕ ಸಿಗುತ್ತದೆ, ತಪ್ಪುತ್ತರಕ್ಕೆ 1 ಅಂಕ ಹೋಗುತ್ತದೆ. ನಾಲ್ಕು ಆಯ್ಕೆಗಳಲ್ಲಿ ಎರಡು ತಪ್ಪೆಂದು ಖಚಿತವಾಗಿ, ಉಳಿದ ಎರಡರಲ್ಲಿ ಒಂದನ್ನು ಆರಿಸುವಂತಹ ಹತ್ತು ಪ್ರಶ್ನೆಗಳಿವೆ ಎಂದುಕೊಳ್ಳಿ. ಸರಾಸರಿಯಾಗಿ ಐದು ಸರಿಯಾದರೆ 25 ಅಂಕ ಬಂದು, ಐದು ತಪ್ಪಾಗಿ 5 ಹೋಗುತ್ತದೆ. 20 ಅಂಕ ಕೈಯಲ್ಲಿ ಉಳಿಯುತ್ತದೆ. ಬಿಟ್ಟುಬಿಟ್ಟರೆ ಸೊನ್ನೆ. ಅರ್ಧ ತಿಳಿದ ವ್ಯಾಕರಣಕ್ಕೂ ಇಲ್ಲಿ ಬೆಲೆಯಿದೆ. ಅಂಕ ನೀಡುವ ಕ್ರಮ ಪರೀಕ್ಷೆಯಿಂದ ಪರೀಕ್ಷೆಗೆ ಬೇರೆಯಾಗುವುದರಿಂದ, ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನು ಮಗಳ ಜೊತೆ ಕುಳಿತು ಒಮ್ಮೆ ಓದಿ.

ಜೊತೆಗೆ ಇದನ್ನೂ ಆಕೆಗೆ ತಿಳಿಸಿ: ಕಂಪ್ಯೂಟರಿನಲ್ಲಿ ಉತ್ತರ ಆರಿಸದೆ ಕೇವಲ ‘ಮಾರ್ಕ್ ಫಾರ್ ರಿವ್ಯೂ’ ಒತ್ತಿ ಬಿಟ್ಟ ಪ್ರಶ್ನೆಗೆ ಅಂಕ ಸಿಗುವುದಿಲ್ಲ. ಒಂದು ಆಯ್ಕೆಯನ್ನು ಗುರುತಿಸಿ, ಅದನ್ನು ಉಳಿಸಿ, ಆಮೇಲೆ ಮರುಪರಿಶೀಲನೆಗೆ ಇಟ್ಟರೆ, ಮತ್ತೆ ನೋಡಲು ಸಮಯ ಸಿಗದಿದ್ದರೂ ಆ ಉತ್ತರ ಮೌಲ್ಯಮಾಪನಕ್ಕೆ ಹೋಗುತ್ತದೆ.